ಸಫಾರಿಗೆ ಹೊರಡುವವರ ಪ್ರಶ್ನೆಗಳು: ಸೀಟು, ಹುಲಿ ಮತ್ತು ಕಾಡಂಚಿನ ಊರು

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಾಡಿನ ಸಫಾರಿಯ ಕುರಿತವೇ ಹೆಚ್ಚಾಗಿವೆ. ಸೀಟು ಕಾಯ್ದಿರಿಸುವುದು ಹೇಗೆ ಎಂಬಲ್ಲಿಂದ ಹಿಡಿದು ಹುಲಿ ಕಾಣದಿದ್ದರೆ ಹಣ ವಾಪಸು ಬರುವುದೇ ಎಂಬಲ್ಲಿಯವರೆಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮನೆಯ ಆರು ಮಂದಿ ಕಬಿನಿಗೆ ಹೋಗಬೇಕೆಂದಿದ್ದೇವೆ. ಅಂತರ್ಜಾಲದಲ್ಲಿ ಹುಡುಕಿದರೆ ನಾಗರಹೊಳೆ ಸಫಾರಿಯ ಹೆಸರಿನಲ್ಲಿ ಹತ್ತಾರು ತಾಣಗಳು ಕಾಣಿಸುತ್ತವೆ. ಅವುಗಳಲ್ಲಿ ಒಂದಕ್ಕೆ ಮುಂಗಡ ಕಟ್ಟಿದ್ದಾಗಿದೆ. ಬಂದ ರಸೀದಿಯಲ್ಲಿ ಗೇಟಿನ ಹೆಸರೂ ಇಲ್ಲ, ಸಮಯವೂ ಇಲ್ಲ. ಇದನ್ನು ನಂಬಿ ಹೊರಡಬಹುದೇ? (ದಾವಣಗೆರೆ)

ಉತ್ತರ: ಯಾವ ಗೇಟು, ಯಾವ ದಿನ, ಬೆಳಗಿನ ಸರದಿಯೋ ಸಂಜೆಯದೋ, ಜೀಪೋ ಬಸ್ಸೋ, ಯಾರ ಹೆಸರಿನಲ್ಲಿ ಎಷ್ಟು ಸೀಟು ಎಂಬಷ್ಟು ವಿವರವೂ ಇಲ್ಲದ ಕಾಗದವನ್ನು ಟಿಕೆಟ್ ಎಂದು ಭಾವಿಸಬೇಡಿ. ನಿಮ್ಮ ಪರವಾಗಿ ಪ್ರಯತ್ನಿಸುತ್ತೇವೆ ಎಂದು ಮಧ್ಯವರ್ತಿಯೊಬ್ಬರು ಹಣ ಪಡೆದುಕೊಂಡಿರುವುದರ ಗುರುತಷ್ಟೇ ಅದು. ಅವರಿಗೆ ಇಂದೇ ಕರೆ ಮಾಡಿ, ಅರಣ್ಯ ಇಲಾಖೆ ಅಥವಾ ಜಂಗಲ್ ಲಾಡ್ಜಸ್ ಕೊಟ್ಟಿರುವ ಮೂಲ ಬುಕಿಂಗ್ ಸಂಖ್ಯೆಯನ್ನು ಕೇಳಿ. ಕೊಡಲು ಹಿಂದೇಟು ಹಾಕಿದರೆ ಮುಂಗಡವನ್ನು ವಾಪಸು ಕೇಳುವುದೇ ಲೇಸು. ಹಣ ಬಾರದಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ದೂರು ಕೊಡಿ.

ಇನ್ನು ಕಾಯ್ದಿರಿಸುವ ಸರಿಯಾದ ದಾರಿ. ಕಬಿನಿ ಭಾಗದಲ್ಲಿ ಖಾಸಗಿ ವಾಹನಗಳನ್ನು ಸಫಾರಿಗೆ ಬಿಡುವುದಿಲ್ಲ. ಅಲ್ಲಿನ ಜೀಪು ಮತ್ತು ದೋಣಿ ಸಫಾರಿಗಳನ್ನು ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ನಡೆಸುತ್ತದೆ. ಸುತ್ತಲಿನ ಖಾಸಗಿ ರೆಸಾರ್ಟುಗಳ ಅತಿಥಿಗಳೂ ಅದೇ ವಾಹನಗಳಲ್ಲಿ ಕಾಡಿಗೆ ಹೋಗುತ್ತಾರೆ. ಅರಣ್ಯ ಇಲಾಖೆಯ ಬಸ್ ಸಫಾರಿ ದಮ್ಮನಕಟ್ಟೆಯಲ್ಲಿರುವ ಕಾಕನಕೋಟೆ ಸಫಾರಿ ಕೇಂದ್ರದಿಂದ ಹೊರಡುತ್ತದೆ. ಆದ್ದರಿಂದ ರೆಸಾರ್ಟಿನಲ್ಲಿ ಕೊಠಡಿ ಸಿಕ್ಕಿತೆಂದ ಮಾತ್ರಕ್ಕೆ ಸಫಾರಿಯ ಸೀಟೂ ಸಿಕ್ಕಿತೆಂದು ತಿಳಿಯಬಾರದು. ಕೊಠಡಿಗೆ ಹಣ ಕಟ್ಟುವ ಮೊದಲೇ ಬಾಡಿಗೆಯಲ್ಲಿ ಸಫಾರಿ ಸೇರಿದೆಯೇ, ಸೇರಿದ್ದರೆ ಎಷ್ಟು, ಜೀಪಿನದೋ ದೋಣಿಯದೋ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ರೆಸಾರ್ಟಿಗೆ ಬಂದಿಳಿದ ಮೇಲೆ "ಇವತ್ತು ಜೀಪು ಫುಲ್ ಆಗಿದೆ, ದೋಣಿಯಲ್ಲಿ ಹೋಗಿ" ಎಂಬ ಮಾತು ಕೇಳಿ ಬೇಸರಗೊಂಡವರ ಪತ್ರಗಳು ನಮ್ಮ ಬಳಿ ಸಾಕಷ್ಟಿವೆ.

ಗೇಟಿನ ಹೆಸರಿಗೆ ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವಿದೆ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸಫಾರಿಯ ಬಾಗಿಲು ಒಂದೇ ಅಲ್ಲ. ಕಬಿನಿಯ ಕಡೆಗೆ ದಮ್ಮನಕಟ್ಟೆ, ಹುಣಸೂರಿನ ಕಡೆಗೆ ವೀರನಹೊಸಹಳ್ಳಿ, ಕೊಡಗಿನ ಕುಟ್ಟದ ಕಡೆಗೆ ನಾಣಚ್ಚಿ ಎಂದು ಮೂರು ಕೇಂದ್ರಗಳಿವೆ. ಒಂದರಿಂದ ಇನ್ನೊಂದಕ್ಕೆ ಕಾಡನ್ನು ಬಳಸಿಕೊಂಡು ಹೋಗುವಷ್ಟರಲ್ಲಿ ನಿಮ್ಮ ಸರದಿಯೇ ಮುಗಿದಿರುತ್ತದೆ. ಬಂಡೀಪುರಕ್ಕೆ ಹೋಗುವವರೂ ಸಫಾರಿ ಕೌಂಟರ್ ಇರುವ ಮೇಲುಕಾಮನಹಳ್ಳಿಗೆ ನೇರವಾಗಿ ಹೋಗಬೇಕು. ಇಲಾಖೆಯ ಜಾಲತಾಣದ ವಿಳಾಸ ಸಾಮಾನ್ಯವಾಗಿ gov.in ಎಂಬ ಸರ್ಕಾರಿ ಗುರುತಿನೊಂದಿಗೆ ಕೊನೆಗೊಳ್ಳುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ಜಾಹೀರಾತಾಗಿ ಬರುವ ತಾಣವನ್ನೇ ಅಧಿಕೃತವೆಂದು ನಂಬುವುದರಿಂದ ಮೋಸವಾಗುತ್ತಿದೆ.

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ, ಸೊಂಟ ನೋವಿದೆ. ಮಗಳಿಗೆ ನಾಲ್ಕು ವರ್ಷ. ಇಬ್ಬರನ್ನೂ ಸಫಾರಿಗೆ ಕರೆದುಕೊಂಡು ಹೋಗಬಹುದೇ? ಜೀಪು ಒಳ್ಳೆಯದೋ ಬಸ್ಸೋ? (ಹುಬ್ಬಳ್ಳಿ)

ಉತ್ತರ: ಮಾವನವರಿಗೆ ಜೀಪಿಗಿಂತ ಬಸ್ಸು, ಬಸ್ಸಿಗಿಂತ ದೋಣಿ ಹಿತ. ಕಾಡಿನ ಹಾದಿಯಲ್ಲಿ ಎರಡೂವರೆ ಮೂರು ಗಂಟೆ ಕುಳಿತಿರಬೇಕಾಗುತ್ತದೆ, ನಡುವೆ ಕೆಳಗಿಳಿಯುವಂತಿಲ್ಲ, ಶೌಚಾಲಯವೂ ಇರುವುದಿಲ್ಲ. ವಾಹನ ಯಾವುದೇ ಆಗಲಿ, ಹಿಂದಿನ ಚಕ್ರಗಳ ಮೇಲೆ ಬರುವ ಸೀಟಿನಲ್ಲಿ ಕುಲುಕಾಟ ಹೆಚ್ಚು. ಚಾಲಕನ ಹಿಂದಿನ ಮೊದಲ ಅಥವಾ ಎರಡನೆಯ ಸಾಲನ್ನು ಕೇಳಿ ಪಡೆಯಿರಿ. ಬೇಸಿಗೆಯಲ್ಲಿ ಹೋಗುವುದಾದರೆ ಕಬಿನಿಯ ದೋಣಿ ಸಫಾರಿಯನ್ನು ಜೀಪು ಸಿಗದವರ ಪಾಲಿನದೆಂದು ಕಡೆಗಣಿಸಬೇಡಿ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಹಿನ್ನೀರು ಇಳಿದಂತೆಲ್ಲ ದಂಡೆಯ ತೇವದ ಮಣ್ಣಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಒಳಗಿನ ಕೆರೆಗಳು ಬತ್ತುವ ಆ ದಿನಗಳಲ್ಲಿ ಬಂಡೀಪುರದ ಕಡೆಯಿಂದಲೂ ನಾಗರಹೊಳೆಯ ಕಡೆಯಿಂದಲೂ ಆನೆಗಳ ಹಿಂಡುಗಳು ಇಲ್ಲಿಗೆ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟೊಂದು ಸಂಖ್ಯೆಯಲ್ಲಿ ಒಂದೆಡೆ ಸೇರುವ ತಾಣಗಳು ಜಗತ್ತಿನಲ್ಲೇ ವಿರಳ. ಹಿರಿಯರೊಬ್ಬರು ಮೈ ನೋಯಿಸಿಕೊಳ್ಳದೆ ಕುಳಿತು ಆ ದೃಶ್ಯವನ್ನು ಕಣ್ತುಂಬ ನೋಡಬಹುದು.

ಮಗುವಿನ ವಿಷಯದಲ್ಲಿ ಸ್ವಲ್ಪ ಯೋಚಿಸಿ. ವಯಸ್ಸಿನ ನಿಯಮ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಕಾಯ್ದಿರಿಸುವಾಗಲೇ ವಿಚಾರಿಸಿಕೊಳ್ಳಿ. ನಿಯಮ ಅಡ್ಡಬರದಿದ್ದರೂ, ನಾಲ್ಕು ವರ್ಷದ ಮಗು ಮುಕ್ಕಾಲು ಗಂಟೆಯ ಮೇಲೆ ಸುಮ್ಮನೆ ಕುಳಿತಿರಲೆಂದು ಬಯಸುವುದು ಮಗುವಿಗೂ ಕಷ್ಟ, ಜೊತೆಯವರಿಗೂ ಕಷ್ಟ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಜಿಂಕೆ, ನವಿಲು, ಮುಸುವಗಳ ಚಿತ್ರಗಳನ್ನು ಮೊದಲೇ ತೋರಿಸಿ, ಕಂಡದ್ದನ್ನು ಕಿವಿಯಲ್ಲಿ ಪಿಸುಗುಟ್ಟಬೇಕೆಂದು ಅಭ್ಯಾಸ ಮಾಡಿಸಿ. ಬೆಳಗಿನ ಸರದಿಯಾದರೆ ಟೋಪಿ, ಸ್ವೆಟರ್ ಮರೆಯಬೇಡಿ.

ಪ್ರಶ್ನೆ: ಎರಡು ಸಫಾರಿಗೆ ಸಾವಿರಾರು ರೂಪಾಯಿ ಖರ್ಚು ಮಾಡಿ ನಾವು ನೋಡಿದ್ದು ಜಿಂಕೆ, ಕಾಡೆಮ್ಮೆ ಮತ್ತು ನವಿಲು ಮಾತ್ರ. ಪಕ್ಕದ ಜೀಪಿನವರಿಗೆ ಹುಲಿ ಸಿಕ್ಕಿತಂತೆ. ನಮ್ಮ ಚಾಲಕ ಸರಿಯಾಗಿ ಹುಡುಕಲಿಲ್ಲ ಎಂದು ನಮ್ಮ ಅನುಮಾನ. ಹಣ ವಾಪಸು ಕೇಳಲು ಅವಕಾಶವಿದೆಯೇ? (ಮೈಸೂರು)

ಉತ್ತರ: ಇಲ್ಲ. ಮಳೆ, ರಸ್ತೆ ಅಥವಾ ಭದ್ರತೆಯ ಕಾರಣದಿಂದ ಇಲಾಖೆಯೇ ಸಫಾರಿಯನ್ನು ರದ್ದುಪಡಿಸಿದರೆ ಹಣದ ಬಗ್ಗೆ ಕೇಳಬಹುದು. ಪ್ರಾಣಿ ಕಾಣಲಿಲ್ಲವೆಂಬ ಕಾರಣಕ್ಕೆ ದೇಶದ ಯಾವ ಸಂರಕ್ಷಿತ ಅರಣ್ಯದಲ್ಲೂ ಶುಲ್ಕ ಹಿಂದಿರುಗಿಸುವುದಿಲ್ಲ, ಹಿಂದಿರುಗಿಸಲೂ ಬಾರದು. ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಚಾಲಕನ ಮೇಲಿನ ಅನುಮಾನದ ಬಗ್ಗೆ ನಾಲ್ಕು ಮಾತು ವಿವರವಾಗಿಯೇ ಹೇಳಬೇಕು.

ನಾಗರಹೊಳೆ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹುಲಿಯ ಮುಖ್ಯ ಆವಾಸದ ಶೇ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸೋದ್ಯಮಕ್ಕೆ ಬಳಸುವಂತಿಲ್ಲ. ಅಂದರೆ ಹುಲಿಯ ಮನೆಯ ಬಹುಪಾಲು ನಮ್ಮ ಜೀಪಿನ ಹಾದಿಯಿಂದ ಆಚೆಗಿದೆ. ಹುಲಿ ಒಂಟಿಯಾಗಿ ಓಡಾಡುವ, ಹಗಲಿನ ಬಹುಹೊತ್ತನ್ನು ನೆರಳಿನಲ್ಲೋ ನೀರಿನ ಬಳಿಯೋ ಕಳೆಯುವ ಪ್ರಾಣಿ. ರಸ್ತೆಯಿಂದ ಹತ್ತೇ ಅಡಿ ಒಳಗೆ ಲಂಟಾನದ ಪೊದೆಯಲ್ಲಿ ಮಲಗಿದ್ದರೂ ನಮ್ಮ ಕಣ್ಣಿಗೆ ಬೀಳದು. ಪಕ್ಕದ ಜೀಪಿನವರು ಹತ್ತು ನಿಮಿಷ ಮೊದಲು ಆ ತಿರುವಿನಲ್ಲಿದ್ದರೆಂಬುದಕ್ಕಿಂತ ಹೆಚ್ಚಿನ ರಹಸ್ಯ ಇದರಲ್ಲಿ ಇರಲಾರದು.

ನೀವು "ಮಾತ್ರ" ಎಂದು ಬರೆದಿರುವ ಜಿಂಕೆ, ಕಾಡೆಮ್ಮೆಗಳ ಲೆಕ್ಕವನ್ನೂ ನೋಡೋಣ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳನ್ನು ಅಧ್ಯಯನ ಮಾಡಿ, ಮೈಪಟ್ಟೆಗಳ ಆಧಾರದ ಮೇಲೆ ಅವುಗಳನ್ನು ಎಣಿಸಲು ಪ್ರಾಣಿ ಮುಂದೆ ಹಾದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳ (ಕ್ಯಾಮೆರಾ ಟ್ರ್ಯಾಪ್) ವಿಧಾನವನ್ನು ರೂಢಿಗೆ ತಂದ ಡಾ. ಕೆ. ಉಲ್ಲಾಸ ಕಾರಂತರ ಅಂದಾಜಿನಂತೆ, ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಕಡವೆಗಳಂಥ ಸುಮಾರು 50 ಪ್ರಾಣಿಗಳು ಆಹಾರವಾಗಿ ಬೇಕು. ಸಂತತಿ ಕುಗ್ಗದೆ ಅಷ್ಟು ಪ್ರಾಣಿಗಳು ವರ್ಷ ವರ್ಷವೂ ಸಿಗಬೇಕಾದರೆ ಆ ಕಾಡಿನಲ್ಲಿ ಹುಲಿಯೊಂದಕ್ಕೆ ಸುಮಾರು 500 ಬಲಿಪ್ರಾಣಿಗಳಿರಬೇಕು. ನೀವು ಕಂಡ ಹಿಂಡುಗಳೇ ಹುಲಿಯ ಅನ್ನ. ಅವು ತುಂಬಿ ತುಳುಕುವ ಕಾಡನ್ನು ನೋಡಿ ಬಂದಿದ್ದೀರಿ. ಹಿಂಡುಗಳಿಲ್ಲದ ಕಾಡಿನಲ್ಲಿ ಹುಲಿಯೊಂದು ಕಂಡಿದ್ದರೆ ಅದು ಹೆಚ್ಚು ದಿನ ಉಳಿಯದ ಹುಲಿಯಾಗಿರುತ್ತಿತ್ತು.

ಒಳ್ಳೆಯ ಚಾಲಕ ಹುಲಿಯನ್ನು ಹುಡುಕುವ ಬಗೆಯನ್ನು ಮುಂದಿನ ಸಲ ಗಮನಿಸಿ. ಅವನು ವೇಗವಾಗಿ ಓಡಿಸುವುದಿಲ್ಲ. ತಿರುವಿನಲ್ಲಿ ಎಂಜಿನ್ ನಿಲ್ಲಿಸಿ ಕಿವಿಗೊಡುತ್ತಾನೆ. ದೂಳಿನ ಮೇಲಿನ ಹೆಜ್ಜೆ ಗುರುತಿನ ಅಂಚು ಕುಸಿದಿದೆಯೇ ಇಲ್ಲವೇ, ಅದರ ಮೇಲೆ ಟೈರಿನ ಅಚ್ಚು ಬಿದ್ದಿದೆಯೇ ಎಂದು ನೋಡಿ ಅದು ಎಷ್ಟು ಹೊತ್ತಿನದೆಂದು ಅಳೆಯುತ್ತಾನೆ. ಮರದ ಮೇಲಿನ ಮುಸುವ ಕೆಮ್ಮಿದಂತೆ ಕೂಗಿದರೆ, ಚುಕ್ಕೆ ಜಿಂಕೆ ಚೀರಿದರೆ ಕೂಡಲೇ ಹೊರಡುವುದಿಲ್ಲ, ಏಕೆಂದರೆ ಜಿಂಕೆ ಸಣ್ಣಪುಟ್ಟದಕ್ಕೂ ಬೆಚ್ಚುವುದುಂಟು. ಕಡವೆಯೊಂದು ಬಾಲ ನಿಗುರಿಸಿ, ಮುಂಗಾಲನ್ನು ನೆಲಕ್ಕೆ ಅಪ್ಪಳಿಸುತ್ತ, ಒಂದೇ ದಿಕ್ಕಿಗೆ ದೃಷ್ಟಿ ನೆಟ್ಟು ಗಟ್ಟಿಯಾಗಿ ಕೂಗತೊಡಗಿದರೆ ಮಾತ್ರ ಅವನ ಮುಖ ಬದಲಾಗುತ್ತದೆ. ಕಡವೆಯ ಕೂಗು ಸುಳ್ಳಾಗುವುದು ಅಪರೂಪ. ಆ ದಿಕ್ಕಿನಲ್ಲಿರುವ ರಸ್ತೆ ಯಾವುದು, ಹುಲಿ ನಡೆದು ಬಂದರೆ ಎಲ್ಲಿ ದಾಟಬಹುದು ಎಂದು ಎಣಿಸಿ ಅಲ್ಲಿಗೆ ಮೊದಲೇ ಹೋಗಿ ನಿಲ್ಲುತ್ತಾನೆ. ಅರ್ಧ ಗಂಟೆ ಕಾದರೂ ಏನೂ ಬರದೆ ಇರಬಹುದು. ಆ ಅರ್ಧ ಗಂಟೆಯನ್ನು "ಸುಮ್ಮನೆ ನಿಲ್ಲಿಸಿದ" ಎಂದು ಬಹಳ ಜನ ದೂರುತ್ತಾರೆ. ನಿಮ್ಮ ಚಾಲಕನೂ ಹೀಗೆ ನಿಂತಿದ್ದರೆ ಅವನು ಹುಡುಕುತ್ತಲೇ ಇದ್ದನೆಂದು ತಿಳಿಯಿರಿ.

ಒಂದು ಕಳಕಳಿಯ ಮಾತನ್ನೂ ಸೇರಿಸಬೇಕು. ಹುಲಿ ಕಂಡರೆ ಐನೂರು, ಕಾಣದಿದ್ದರೆ ಏನೂ ಇಲ್ಲ ಎಂಬಂತೆ ಭಕ್ಷೀಸು ಕೊಡುವ ರೂಢಿ ಕಾಡಿಗೆ ಒಳ್ಳೆಯದಲ್ಲ. ಹಾಗೆ ಮಾಡಿದರೆ ಪ್ರಾಣಿಯ ತೀರ ಹತ್ತಿರಕ್ಕೆ ನುಗ್ಗುವ, ಇತರ ವಾಹನಗಳನ್ನು ಹಿಂದಿಕ್ಕಿ ಓಡುವ ಚಾಲಕನಿಗೇ ನಾವು ಬಹುಮಾನ ಕೊಟ್ಟಂತಾಗುತ್ತದೆ. ಕಾಡಿನ ಬಗ್ಗೆ ತಿಳಿಸಿಕೊಟ್ಟವರಿಗೆ, ತಾಳ್ಮೆಯಿಂದ ಓಡಿಸಿದವರಿಗೆ ಕೊಡಿ.

ಪ್ರಶ್ನೆ: ಹೊರರಾಜ್ಯದ ಒಂದು ಅಭಯಾರಣ್ಯದಲ್ಲಿ ಮರಿಗಳಿದ್ದ ತಾಯಿ ಹುಲಿಯನ್ನು ಹದಿನೈದಕ್ಕೂ ಹೆಚ್ಚು ಜೀಪುಗಳು ಎರಡೂ ಕಡೆಯಿಂದ ಸುತ್ತುವರಿದವು. ಹುಲಿ ರಸ್ತೆ ದಾಟಲಾಗದೆ ಹಿಂದಕ್ಕೆ ಹೋಯಿತು. ನಮ್ಮ ಜೀಪಿನವರೇ "ಇನ್ನೂ ಮುಂದೆ, ಇನ್ನೂ ಮುಂದೆ" ಎನ್ನುತ್ತಿದ್ದರು. ಇದಕ್ಕೆ ನಿಯಮವಿಲ್ಲವೇ? ಯಾರಿಗೆ ದೂರು ಕೊಡಬೇಕು? (ತುಮಕೂರು)

ಉತ್ತರ: ನಿಯಮವಿದೆ. ಮೇಲೆ ಹೇಳಿದ 2012ರ ಮಾರ್ಗಸೂಚಿಯಲ್ಲೇ ಪ್ರಾಣಿಯಿಂದ ಕನಿಷ್ಠ 20 ಮೀಟರ್, ವಾಹನದಿಂದ ವಾಹನಕ್ಕೆ 50 ಮೀಟರ್ ಅಂತರವಿರಬೇಕು, ಪ್ರಾಣಿಯನ್ನು ಸುತ್ತುವರಿಯಬಾರದು, ಒಂದೇ ವಾಹನ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಜಾಗ ಹಿಡಿದುಕೊಂಡಿರಬಾರದು ಎಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅಭಯಾರಣ್ಯದಲ್ಲಿ ಪ್ರಾಣಿಗಳಿಗೆ ಕಿರುಕುಳ ಕೊಡುವುದನ್ನೂ ಕಸ ಎಸೆಯುವುದನ್ನೂ ನಿಷೇಧಿಸುತ್ತದೆ. ತಾಯಿ ಹುಲಿಯ ದಾರಿ ಕಟ್ಟುವುದು ಸಣ್ಣ ತಪ್ಪಲ್ಲ. ಮರಿಗಳು ರಸ್ತೆಯ ಆಚೆಗೆ ಉಳಿದುಹೋಗಿದ್ದರೆ, ಬೇಟೆಯನ್ನು ಬಚ್ಚಿಟ್ಟು ಅವುಗಳನ್ನು ಕರೆತರಲು ಹೊರಟಿದ್ದರೆ ಅದರ ಇಡೀ ದಿನದ ಶ್ರಮ ವ್ಯರ್ಥವಾಗುತ್ತದೆ.

ದೂರನ್ನು ಆ ಹುಲಿ ಸಂರಕ್ಷಿತ ಪ್ರದೇಶದ ಕ್ಷೇತ್ರ ನಿರ್ದೇಶಕರಿಗೆ ಬರೆಯಿರಿ, ಪ್ರತಿಯನ್ನು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕಳುಹಿಸಿ. ದಿನಾಂಕ, ಸರದಿ, ವಲಯ ಅಥವಾ ಗೇಟು, ವಾಹನಗಳ ನೋಂದಣಿ ಸಂಖ್ಯೆ ಇಷ್ಟಿದ್ದರೆ ಕ್ರಮ ಕೈಗೊಳ್ಳಲು ಅನುಕೂಲ. "ಬಹಳ ಗಲಾಟೆಯಿತ್ತು" ಎಂದಷ್ಟೇ ಬರೆದ ದೂರು ಕಡತದಲ್ಲೇ ಉಳಿಯುತ್ತದೆ. ಛಾಯಾಚಿತ್ರವನ್ನು ಸಾಮಾಜಿಕ ಮಾಧ್ಯಮಕ್ಕೆ ಹಾಕುವ ಮೊದಲು ಇಲಾಖೆಗೆ ಕಳುಹಿಸಿ. ಅಲ್ಲಿಂದ ಉತ್ತರ ಬಾರದಿದ್ದರೆ ಮುಂದಿನದನ್ನು ಯೋಚಿಸಬಹುದು.

ಆ ಕ್ಷಣದಲ್ಲಿ ವಾಹನದೊಳಗೆ ಕುಳಿತವರು ಮಾಡಬಹುದಾದದ್ದೂ ಇದೆ. ಆರು ಜನರಲ್ಲಿ ಒಬ್ಬರು ಗಟ್ಟಿಯಾಗಿ "ಹಿಂದಕ್ಕೆ ತೆಗೆದುಕೊಳ್ಳಿ, ಅದು ದಾಟಲಿ" ಎಂದರೆ ಸಾಕು, ಚಾಲಕನಿಗೆ ಹಿಂದೆ ಸರಿಯಲು ಕಾರಣ ಸಿಗುತ್ತದೆ. ಪ್ರವಾಸಿಗರೇ ಕೇಳಿದರೆಂದು ಅವನು ಹೇಳಬಹುದು. ಹತ್ತಿರಕ್ಕೆ ಹೋಗೆಂದು ಐವರು ಕೂಗುವಾಗ ಸಂಬಳಕ್ಕೆ ದುಡಿಯುವ ಅವನೊಬ್ಬನೇ ನಿಯಮ ಪಾಲಿಸಲೆಂದು ಬಯಸುವುದು ನ್ಯಾಯವಲ್ಲ. ಆನೆಯ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಗಂಡಾನೆಯ ಕಣ್ಣು ಕಿವಿಗಳ ನಡುವೆ ಕಪ್ಪನೆಯ ಮದಜಲ ಇಳಿದಿರುವುದು ಕಂಡರೆ, ಹಿಂಡಿನ ಹೆಣ್ಣಾನೆ ಕಿವಿಗಳನ್ನು ಅಗಲಿಸಿ ತಲೆಯೆತ್ತಿ ವಾಹನದ ಕಡೆಗೆ ತಿರುಗಿ ನಿಂತರೆ ಫೋಟೊ ಸಾಕೆಂದು ತಿಳಿಯಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2025ರ ಆಗಸ್ಟ್‌ನಲ್ಲಿ ಆನೆಯ ಜೊತೆ ಸೆಲ್ಫಿ ತೆಗೆಯಲು ಕೆಳಗಿಳಿದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಗಾಯಗೊಳಿಸಿದ್ದನ್ನು ಓದುಗರು ಮರೆತಿರಲಾರರು. ಅವರು ಬದುಕುಳಿದದ್ದು ಅದೃಷ್ಟ.

ಪ್ರಶ್ನೆ: ನಾವು ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು. ಮಹಾರಾಷ್ಟ್ರದ ತಾಡೋಬಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೋಗಬೇಕೆಂದರೆ ಕೋರ್, ಬಫರ್ ಎಂದು ಎರಡು ಬಗೆಯ ಸಫಾರಿ ತೋರಿಸುತ್ತದೆ. ಬಫರ್ ಎಂದರೆ ಕಡಿಮೆ ದರ್ಜೆಯದೇ? ಮಳೆಗಾಲದಲ್ಲಿ ಹೋಗಬಹುದೇ? (ಪುಣೆ)

ಉತ್ತರ: ಕೋರ್ ಎಂದರೆ ಹುಲಿಗಾಗಿಯೇ ಮೀಸಲಾದ ಒಳಭಾಗ. ಬಫರ್ ಎಂದರೆ ಅದರ ಸುತ್ತಲೂ ಊರು, ಹೊಲ, ಕಾಡು ಬೆರೆತಿರುವ ಅಂಚಿನ ಪ್ರದೇಶ. ತಾಡೋಬಾದ ಹುಲಿಗಳು ಬಫರಿನಲ್ಲೂ ನೆಲೆ ಕಂಡುಕೊಂಡಿರುವುದರಿಂದ ಅಲ್ಲಿಯೂ ಅವು ಚೆನ್ನಾಗಿ ಕಾಣಸಿಗುತ್ತವೆ. ಕೋರ್ ಸೀಟು ಸಿಗಲಿಲ್ಲವೆಂದು ಪ್ರವಾಸವನ್ನೇ ಕೈಬಿಡಬೇಕಾಗಿಲ್ಲ. ಕೋರ್ ಪ್ರದೇಶ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ಮುಚ್ಚಿರುತ್ತದೆ, ಉಳಿದ ತಿಂಗಳುಗಳಲ್ಲಿ ಮಂಗಳವಾರ ರಜೆ. ಮೋಹರ್ಲಿ, ಕೋಲಾರಾ, ನವೇಗಾಂವ್ ಮೊದಲಾದ ಗೇಟುಗಳು ಒಂದಕ್ಕೊಂದು ದೂರವಿದ್ದು, ಟಿಕೆಟ್ ಯಾವ ಗೇಟಿನದೋ ಅದರ ಸಮೀಪವೇ ವಸತಿ ಮಾಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹುಲಿ ಕಾಣುವ ಸಾಧ್ಯತೆ ಹೆಚ್ಚಾದರೂ ವಿದರ್ಭದ ಬಿಸಿಲು 45 ಡಿಗ್ರಿ ದಾಟುವುದುಂಟು. ಪ್ರವೇಶಪತ್ರದಲ್ಲಿರುವ ಹೆಸರು ಮತ್ತು ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು, ಮೂಲ ಚೀಟಿಯನ್ನೇ ತೋರಿಸಬೇಕು. ಒಬ್ಬರ ಹೆಸರಿನಲ್ಲಿ ಕಾಯ್ದಿರಿಸಿ ಇನ್ನೊಬ್ಬರು ಹೋಗುವುದು ಗೇಟಿನಲ್ಲಿ ನಡೆಯುವುದಿಲ್ಲ. ಮಧ್ಯಪ್ರದೇಶದ ಕಾನ್ಹಾ, ಬಾಂಧವಗಢಗಳಿಗೂ ಹೋಗುವ ಯೋಚನೆಯಿದ್ದರೆ ಅಲ್ಲಿ ಬುಧವಾರ ಮಧ್ಯಾಹ್ನದ ಸರದಿ ಇರುವುದಿಲ್ಲವೆಂಬುದು ನೆನಪಿರಲಿ.

ಪ್ರಶ್ನೆ: ನಮ್ಮ ಊರು ಕಾಡಂಚಿನಲ್ಲಿದೆ. ಸಂಜೆಯಾದರೆ ಹತ್ತಿ ಹೊಲಕ್ಕೆ ಹೋಗಲು ಹೆದರಿಕೆ. ಸಫಾರಿ ಜೀಪುಗಳ ಸದ್ದಿಗೇ ಹುಲಿಗಳು ಊರ ಕಡೆ ಬರುತ್ತಿವೆ ಎಂದು ಹಿರಿಯರು ಹೇಳುತ್ತಾರೆ. ಅದು ನಿಜವೇ? ಸಫಾರಿಯಿಂದ ಬರುವ ಹಣದಲ್ಲಿ ನಮಗೇನು ಸಿಗುತ್ತಿದೆ? (ಸರಗೂರು ತಾಲ್ಲೂಕು)

ಉತ್ತರ: ಈ ಸಂಚಿಕೆಗೆ ಬಂದ ಪತ್ರಗಳಲ್ಲೆಲ್ಲ ಬಹಳ ಮುಖ್ಯವಾದದ್ದು ಇದೇ. ಸಫಾರಿಗೆ ಹೊರಡುವ ಪ್ರತಿಯೊಬ್ಬರೂ ಇದನ್ನು ಓದಬೇಕೆಂದು ಕೋರುತ್ತೇವೆ.

ನಿಮ್ಮ ಭಾಗದಲ್ಲಿ ಹುಲಿ ದಾಳಿಯಿಂದ ರೈತರು ಜೀವ ಕಳೆದುಕೊಂಡಾಗ, 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿಯನ್ನೂ ಚಾರಣವನ್ನೂ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಾಚರಣೆಗೆ ಬಳಸಲು ಆದೇಶಿಸಿತು. ಅಂಥ ಹೊತ್ತಿನಲ್ಲಿ ತಮ್ಮ ರಜೆ ಹಾಳಾಯಿತೆಂದು ದೂರಿದವರಿಗೆ ಕಾಡಂಚಿನ ಬದುಕಿನ ಅರಿವಿಲ್ಲವೆಂದೇ ಹೇಳಬೇಕು. (ಇಂಥ ಆದೇಶಗಳು ಮತ್ತೆಯೂ ಬರಬಹುದಾದ್ದರಿಂದ ಪ್ರವಾಸಿಗರು ಇಲಾಖೆಯ ಇತ್ತೀಚಿನ ಪ್ರಕಟಣೆ ನೋಡಿಯೇ ಹೊರಡಬೇಕು.)

ಜೀಪಿನ ಸದ್ದಿಗೇ ಹುಲಿಗಳು ಊರಿಗೆ ಬರುತ್ತಿವೆ ಎಂಬ ಮಾತನ್ನು ಒಪ್ಪುವುದು ಕಷ್ಟ. ಸಫಾರಿ ನಡೆಯುವ ಹಾದಿಗಳಲ್ಲೇ ಹುಲಿಗಳು ವರ್ಷಗಳಿಂದ ಮರಿ ಹಾಕಿ ಬೆಳೆಸುತ್ತಿವೆ. ಹುಲಿ ಹೊರಬರಲು ಬೇರೆ ಕಾರಣಗಳು ಬಲವಾಗಿವೆ. ಮರಿಗಳು ಎರಡು ವರ್ಷದ ಆಸುಪಾಸಿನಲ್ಲಿ ತಾಯಿಯಿಂದ ಬೇರೆಯಾಗಿ ತಮ್ಮದೇ ಸೀಮೆಯನ್ನು ಹುಡುಕಿಕೊಳ್ಳಬೇಕು. ಒಳಗಿನ ಸೀಮೆಗಳೆಲ್ಲ ಬಲಿಷ್ಠ ಹುಲಿಗಳ ವಶದಲ್ಲಿದ್ದಾಗ ಎಳೆಯವೂ ಮುದಿಯಾದವೂ ಗಾಯಗೊಂಡವೂ ಅಂಚಿಗೆ ಬೀಳುತ್ತವೆ. 2022ರ ಗಣತಿಯಲ್ಲಿ ರಾಜ್ಯದ ಹುಲಿಗಳ ಅಂದಾಜು ಸಂಖ್ಯೆ 563. ಮಧ್ಯಪ್ರದೇಶವನ್ನು ಬಿಟ್ಟರೆ ದೇಶದಲ್ಲೇ ಇದು ಹೆಚ್ಚು. ಕಾಡು ಮಾತ್ರ ಅದಕ್ಕೆ ತಕ್ಕಂತೆ ಬೆಳೆದಿಲ್ಲ. ಇರುವ ಕಾಡಿನಲ್ಲೂ ಲಂಟಾನ ಹಬ್ಬಿ ಹುಲ್ಲು ಕಡಿಮೆಯಾಗಿದೆ. ಆಚೆ ಬದಿಯಲ್ಲಿ ಆಳೆತ್ತರದ ಬೆಳೆಗಳು ಅಡಗಲು ಜಾಗ ಕೊಡುತ್ತವೆ, ಮೇಯಲು ಬಿಟ್ಟ ದನಗಳು ಸುಲಭವಾಗಿ ಸಿಗುತ್ತವೆ.

ಹಾಗೆಂದು ನಿಮ್ಮ ಹಿರಿಯರ ಅಸಮಾಧಾನಕ್ಕೆ ಆಧಾರವಿಲ್ಲವೆಂದು ಹೇಳುತ್ತಿಲ್ಲ. ಪ್ರಾಣಿಗಳು ಓಡಾಡುವ ಹಾದಿಗೆ ಅಡ್ಡಲಾಗಿ ಏಳುವ ರೆಸಾರ್ಟುಗಳು, ರಾತ್ರಿಯಿಡೀ ಉರಿಯುವ ದೀಪಗಳು, ಧ್ವನಿವರ್ಧಕಗಳು, ಕತ್ತಲಾದ ಮೇಲೆ ಊರ ರಸ್ತೆಗಳಲ್ಲಿ ಪ್ರಾಣಿ ಹುಡುಕುತ್ತ ತಿರುಗುವ ಕಾರುಗಳು ಇವೆಲ್ಲ ಅಂಚಿನ ನೆಮ್ಮದಿಯನ್ನು ಕೆಡಿಸುತ್ತಿರುವುದು ನಿಜ. ಹುಲಿ ಹಿಡಿಯಲು, ಆನೆ ಅಟ್ಟಲು ಸಿಬ್ಬಂದಿ ಸಾಲದೆಂಬ ಉತ್ತರ ಕೇಳಿ ಬಂದ ರೈತನಿಗೆ ಸಫಾರಿ ವಾಹನಗಳು ಸಾಲಾಗಿ ಹೋಗುವುದನ್ನು ನೋಡಿದಾಗ ಸಿಟ್ಟು ಬರುವುದು ಸಹಜ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿರ್ಬಂಧಿಸಲು ಸಾಧ್ಯವಾಗಿದ್ದರೆ, ಕಾಡಂಚಿನ ರೆಸಾರ್ಟುಗಳ ಬೆಳಕು ಮತ್ತು ಸದ್ದಿಗೆ ಮಿತಿ ಹಾಕುವುದೂ ಸಾಧ್ಯ.

ಹಣದ ಪ್ರಶ್ನೆಗೆ ಬರೋಣ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯಂತೆ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಹುಲಿ ಸಂರಕ್ಷಣಾ ಪ್ರತಿಷ್ಠಾನವೊಂದು ಇರಬೇಕು. ಪರಿಸರ ಪ್ರವಾಸೋದ್ಯಮದಲ್ಲಿ ಸ್ಥಳೀಯರನ್ನು ತೊಡಗಿಸಿಕೊಳ್ಳುವುದು ಅದರ ಉದ್ದೇಶಗಳಲ್ಲಿ ಒಂದು. ಪ್ರವಾಸೋದ್ಯಮದಿಂದ ಬಂದ ಹಣದಲ್ಲಿ ಎಷ್ಟು ಭಾಗ ನಿಮ್ಮ ಪಂಚಾಯಿತಿಯ ಊರುಗಳಲ್ಲಿ ಯಾವ ಕೆಲಸಕ್ಕೆ ಬಳಕೆಯಾಗಿದೆ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಕೇಳುವ ಅಧಿಕಾರ ನಿಮಗಿದೆ. ಗ್ರಾಮಸಭೆಯಲ್ಲಿ ಆ ಉತ್ತರವನ್ನು ಓದಿಸಿ. ಹೊಲದ ಬದಿಯ ಬೀದಿ ದೀಪ, ಕೊಟ್ಟಿಗೆಗೆ ಭದ್ರ ಗೋಡೆ, ರೈಲ್ವೆ ಕಂಬಿಯ ಬೇಲಿ ಇವುಗಳಿಗೆ ಆ ಹಣದಿಂದ ಪಾಲು ಬೇಕೆಂದು ಕೇಳುವುದು ನ್ಯಾಯಯುತ ಬೇಡಿಕೆ. ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಅನೇಕರು ಮಾವುತರಾಗಿ, ಕಾವಾಡಿಗಳಾಗಿ, ಕಾವಲುಗಾರರಾಗಿ ಈ ಕಾಡನ್ನು ಕಾಯುತ್ತಿದ್ದಾರೆ. ಅವರ ಪೈಕಿ ಬಹುಪಾಲು ಜನ ದಿನಗೂಲಿಯವರಾಗಿಯೇ ಉಳಿದಿದ್ದರೆ ಆ ಬಗ್ಗೆಯೂ ಪ್ರಶ್ನೆ ಎತ್ತಬೇಕು.

ಪ್ರವಾಸಿಗರಿಗೆ ನಮ್ಮ ವಿನಂತಿ ಇಷ್ಟೇ. ಊರಿನವರೇ ನಡೆಸುವ ಹೋಂಸ್ಟೇಗಳು ಸಿಕ್ಕರೆ ಅಲ್ಲಿ ಉಳಿದುಕೊಳ್ಳಿ. ಹಾದಿಬದಿಯ ಅಂಗಡಿಯಲ್ಲಿ ಊಟ ಮಾಡಿ, ರಾಗಿ, ಜೇನು, ಹುಣಸೆ ಕೊಳ್ಳಿ. ಕತ್ತಲಾದ ಮೇಲೆ ಪ್ರಾಣಿ ನೋಡಲೆಂದು ಊರ ರಸ್ತೆಗೆ ಇಳಿಯಬೇಡಿ. ದಾಳಿಯಾದ ಹಳ್ಳಿಯಲ್ಲಿ ಹುಲಿ ಎಲ್ಲಿ ಕಂಡಿತೆಂದು ಉತ್ಸಾಹದಿಂದ ವಿಚಾರಿಸಬೇಡಿ.

ಪ್ರಶ್ನೆ: ಮೊಬೈಲಿನಲ್ಲಿ ಫೋಟೊ ತೆಗೆಯಬಹುದೇ? ಕ್ಯಾಮೆರಾಗೆ ಬೇರೆ ಶುಲ್ಕ ಏಕೆ? ಬಟ್ಟೆಯ ಬಣ್ಣ ನಿಜಕ್ಕೂ ಮುಖ್ಯವೇ? (ಶಿವಮೊಗ್ಗ)

ಉತ್ತರ: ಸುಪ್ರೀಂ ಕೋರ್ಟ್ ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ಭಾಗದ ಪ್ರವಾಸಿ ವಲಯಗಳಲ್ಲಿ ಮೊಬೈಲ್ ಬಳಕೆಗೆ ಅವಕಾಶವಿರಬಾರದೆಂದು ಹೇಳಿದೆ. ಗೇಟಿನಲ್ಲಿ ಫೋನನ್ನು ಒಪ್ಪಿಸಲು ಅಥವಾ ಚೀಲದಲ್ಲಿ ಮುಚ್ಚಿಡಲು ಹೇಳಿದರೆ ವಾದಿಸದೆ ಪಾಲಿಸಿ. ಹುಲಿ ಕಂಡ ಜಾಗದ ಸುದ್ದಿ ಫೋನಿನಿಂದ ಫೋನಿಗೆ ಹರಡಿ ವಾಹನಗಳೆಲ್ಲ ಅಲ್ಲಿಗೇ ನುಗ್ಗುವುದು ಇದರಿಂದ ತಪ್ಪುತ್ತದೆ. ಕ್ಯಾಮೆರಾ ಶುಲ್ಕವನ್ನು ನಮ್ಮ ರಾಜ್ಯದಲ್ಲಿ ಲೆನ್ಸಿನ ಉದ್ದ ನೋಡಿ ನಿಗದಿಪಡಿಸುತ್ತಾರೆ. ದೊಡ್ಡ ಲೆನ್ಸ್ ಒಯ್ಯುವ ಮುನ್ನ ದರ ವಿಚಾರಿಸಿಕೊಳ್ಳಿ. ಜೀಪಿನಲ್ಲಿ ಟ್ರೈಪಾಡಿಗೆ ಜಾಗವಿರುವುದಿಲ್ಲ. ಅಕ್ಕಿ ತುಂಬಿದ ಸಣ್ಣ ಬಟ್ಟೆ ಚೀಲವನ್ನು ಕಂಬಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿದರೆ ಕೈ ಅಲುಗುವುದಿಲ್ಲ. ಮೊದಲ ಸಲ ಹೋಗುವವರಿಗೆ ಕ್ಯಾಮೆರಾಗಿಂತ ಒಳ್ಳೆಯ ದುರ್ಬೀನು ಹೆಚ್ಚು ಉಪಯುಕ್ತ.

ಜಿಂಕೆಗಳಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ನಮ್ಮಷ್ಟು ತಿಳಿಯುವುದಿಲ್ಲ. ಹುಲಿಯ ಕಿತ್ತಳೆ ಬಣ್ಣ ಅವುಗಳ ಕಣ್ಣಿಗೆ ಎಲೆಗಳ ನಡುವೆ ಕರಗಿಹೋಗುವುದು ಇದರಿಂದಲೇ. ಹಾಗಾಗಿ ಕೆಂಪು ಅಂಗಿ ತೊಟ್ಟರೆ ಪ್ರಾಣಿ ಓಡಿಹೋಗುತ್ತದೆಂಬ ಭಯ ಬೇಡ. ಬೆಳ್ಳಗೆ ಹೊಳೆಯುವ ಬಟ್ಟೆ, ಗಾಳಿಗೆ ಹಾರುವ ದುಪಟ್ಟಾ, ಗಾಢವಾದ ಸುಗಂಧದ್ರವ್ಯ ಇವನ್ನು ಬಿಟ್ಟರೆ ಸಾಕು. ಶುಲ್ಕ ಕಟ್ಟಿದ ರಸೀದಿಯನ್ನು ಗೇಟಿನಲ್ಲಿ ಕೇಳುತ್ತಾರೆ, ಸಫಾರಿ ಮುಗಿಯುವವರೆಗೆ ಜೊತೆಯಲ್ಲೇ ಇಟ್ಟುಕೊಳ್ಳಿ.